ಗಾಡಿ ಎಡಕ್ಕೆ ಕುಂತದ್ದು ಯಾರಿಂದ

ಮಗನ ಮದುವೆಗೆಂದು ಭಾವ ನಮ್ಮ ಕಾರು ಕೇಳಿದಾಗ ನಾನು ಒಲ್ಲೆನೆನ್ನಲಿಲ್ಲ. ಭಾವ, ಅಂದರೆ ನನ್ನ ಗಂಡನ ಅಣ್ಣ, ಬಸವಕಲ್ಯಾಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ನಾವಿದ್ದದ್ದು ಹುಮನಾಬಾದಿನಲ್ಲಿ. ನನ್ನ ಗಂಡ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು, ನಾನು ಮನೆಯಲ್ಲೇ ಜಂಪರ್ ಹೊಲಿಯುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೊಂಡ ಆ ಹಳೆಯ ಬಿಳಿ ಕಾರು ನಮ್ಮ ಮನೆತನಕ್ಕೆಲ್ಲ ಮೊದಲನೆಯದು. ಅದನ್ನು ಭಾವ ಹದಿನೈದು ದಿನ ಮೊದಲೇ ಒಯ್ದರು.

ಮದುಮಗನಿಗೆ ಆಗಿನ ಹುಡುಗರ ಹಾಗೆ ನೆಲಕ್ಕೆ ಬಗ್ಗಿದ ಗಾಡಿಯ ಹುಚ್ಚು. ನಮ್ಮನ್ನು ಒಂದು ಮಾತು ಕೇಳದೆ ಭಾವ ಹೈದರಾಬಾದಿನಿಂದ ಗಿಡ್ಡ ಸ್ಪ್ರಿಂಗುಗಳನ್ನೂ ಶಾಕ್ ಅಬ್ಸಾರ್ಬರ್‌ಗಳನ್ನೂ ತರಿಸಿ, ಹುಮನಾಬಾದಿನ ಮಿಸ್ತ್ರಿಯೊಬ್ಬನ ಕೈಯಲ್ಲಿ ಹಾಕಿಸಿದ್ದರು. ಮದುವೆಯ ಹಿಂದಿನ ದಿನ ನಾವು ಹೋಗಿ ನೋಡಿದರೆ ಕಾರು ನಿಜಕ್ಕೂ ಬಗ್ಗಿತ್ತು. ಆದರೆ ಒಂದೇ ಬದಿಗೆ. ಬಲಗಡೆಯ ಮುಂದಿನ ಗಾಲಿಯ ಮೇಲೆ ನಾಲ್ಕು ಬೆರಳು ಸಂದಿ ಇದ್ದರೆ ಎಡಗಡೆ ಎರಡೇ ಬೆರಳು. ಭುಜ ಇಳಿಬಿಟ್ಟು ನಿಂತ ಮನುಷ್ಯನ ಹಾಗೆ ಕಾಣುತ್ತಿತ್ತು.

ಹಂದರದ ಕೆಳಗೆ ಬೀಗರೆಲ್ಲ ಕೂತಿದ್ದರು. ಯಾರೋ ಕೇಳಿದರು, “ಸಾವಕಾರ್ರ, ಗಾಡಿ ಹಿಂಗ್ಯಾಕ ವಾರಿ ಆಗ್ಯದ?”

ಭಾವ ನನ್ನ ಕಡೆ ನೋಡಿದರು. ಎರಡನೆಯ ಹೆರಿಗೆಯಾದ ಮೇಲೆ ನನಗೆ ಮೈ ಬಂದಿತ್ತು.

“ನಮ್ಮ ಮನಿ ಸಣ್ಣ ಸೊಸಿ ದಿನಾ ಎಡಕ್ಕ ಕುಂದರ್ತಾಳಲ್ರಿ,” ಎಂದರು. “ಸ್ಪ್ರಿಂಗ್ ಪಾಪ ಏನ್ ಮಾಡಬೇಕು?”

ಹಂದರ ಹಂದರವೇ ನಕ್ಕಿತು. ನನ್ನ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ನಾದಿನಿ ಕಣ್ಣೀರು ಬರುವಷ್ಟು ನಕ್ಕಳು. ನನ್ನ ಗಂಡ ತಲೆ ತಗ್ಗಿಸಿದರು, ಆದರೆ ಅವರ ತುಟಿಯಂಚು ಅಲುಗಿದ್ದನ್ನು ನಾನು ಕಂಡೆ.

ಮರುದಿನ ಮದುಮಕ್ಕಳ ಜೊತೆ ಕಾರಿನ ಫೋಟೋ ತೆಗೆಯುವಾಗ ನಾನು ಮಗುವಿಗೆ ಹಾಲು ಕುಡಿಸುತ್ತ ಕಾರಿನೊಳಗೆ ಕೂತಿದ್ದೆ. ನಾದಿನಿ ಬಂದು ಬಾಗಿಲು ತೆಗೆದಳು.

“ವೈನಿ, ಜರಾ ಇಳೀರಿ. ಫೋಟೋಕ್ಕ ಗಾಡಿ ನೆಟ್ಟಗಾಗ್ಲಿ.”

ಇಳಿದೆ. ಬಿಸಿಲಲ್ಲಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ. ಕಾರು ನೆಟ್ಟಗಾಗಲಿಲ್ಲ. ಅದಕ್ಕೂ ಭಾವನ ಹತ್ತಿರ ಉತ್ತರವಿತ್ತು. “ಒಮ್ಮೆ ಹಿಚುಕಿದ ಸ್ಪ್ರಿಂಗ್ ಮತ್ತ ಏಳ್ತದೇನು?” ಮತ್ತೆ ನಗು. ಆ ಫೋಟೋ ಇಂದಿಗೂ ಅವರ ಪಡಸಾಲೆಯ ಗೋಡೆಯ ಮೇಲಿದೆ.

ಕಾರು ನಮ್ಮ ಮನೆಗೆ ಮರಳಿತು, ಮಾತು ಅದಕ್ಕಿಂತ ಮೊದಲೇ ಬಂದಿತ್ತು. ನಾದಿನಿ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಗಾಡಿ ಹ್ಯಾಂಗದ ಎಂದು. ಗುರುವಾರ ಮಾಣಿಕನಗರದ ಗುಡಿಗೆ ಹೋದರೆ ಅಲ್ಲಿ ಸಿಕ್ಕ ದೂರದ ನೆಂಟರು ನನ್ನನ್ನು ನೋಡುವ ಮೊದಲು ಕಾರಿನ ಎಡಗಾಲಿ ನೋಡುತ್ತಿದ್ದರು. ಗಂಡನಿಗೆ ಹೇಳಿದರೆ, “ಅಣ್ಣಗ ನಗಿ-ಚಾಷ್ಟಿ ಮಾಡೂ ಚಟ. ಬಿಡು,” ಎಂದರು. ನಾನು ಬಿಡಲಿಲ್ಲ. ಅಂದಿನಿಂದ ಅವರ ಡಬ್ಬಿಗೆ ಬರಿ ರೊಟ್ಟಿ, ಪುಂಡಿಪಲ್ಯ ಕಟ್ಟಿದೆ. ಯಾಕೆಂದು ಕೇಳುವ ಧೈರ್ಯ ಅವರಿಗೆ ಬರಲಿಲ್ಲ.

ಒಂದು ಮಧ್ಯಾಹ್ನ ಮಕ್ಕಳು ಮಲಗಿದಾಗ ಹೊಲಿಗೆಯ ಟೇಪು ಹಿಡಿದು ಅಂಗಳಕ್ಕಿಳಿದೆ. ಒಳಗೆ ಯಾರೂ ಇಲ್ಲದ ಕಾರನ್ನು ಅಳೆದೆ. ನೆಲ ಇಳಿಜಾರಿರಬಹುದೆಂದು, ಸಂಜೆ ಗಂಡ ಬಂದ ಮೇಲೆ ಕಾರು ತಿರುಗಿಸಿ ನಿಲ್ಲಿಸಲು ಹೇಳಿ ಮತ್ತೆ ಅಳೆದೆ. ಎಡವೇ ತಗ್ಗು. ಹಿಂದಿನ ಗಾಲಿಗಳು ಸರಿಯಾಗಿಯೇ ಇದ್ದವು. ನನ್ನ ಭಾರದಿಂದ ಹಾಗಾಗಿದ್ದರೆ, ಹೆಚ್ಚಿನ ಸಲ ಮಕ್ಕಳ ಜೊತೆ ಹಿಂದಿನ ಸೀಟಿನಲ್ಲಿ ಕೂಡುವ ನಾನು ಮುಂದಿನ ಗಾಲಿಯನ್ನಷ್ಟೇ ಹೇಗೆ ಕುಗ್ಗಿಸಿದೆ? ಅದೂ ಅಲ್ಲದೆ, ಹಂದರದಲ್ಲಿ ಆ ಮಾತು ಬಂದಾಗ ಹೊಸ ಸ್ಪ್ರಿಂಗಿನ ಕಾರಿನಲ್ಲಿ ನಾನಿನ್ನೂ ಕೂತಿರಲೇ ಇಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟಾರ್ಚು ಹಾಕಿ ಗಾಲಿಯ ಹಿಂದೆ ಇಣುಕಿದೆ. ಎರಡೂ ಸ್ಪ್ರಿಂಗು ಕೆಂಪು. ಕತ್ತರಿಯ ತುದಿಯಿಂದ ಬಲಗಡೆಯದನ್ನು ಕೆರೆದರೆ ಕಬ್ಬಿಣ ಕಂಡಿತು. ಎಡಗಡೆಯದನ್ನು ಕೆರೆದರೆ ಕೆಂಪಿನ ಕೆಳಗೆ ನೀಲಿ ಬಣ್ಣ.

ಮರುದಿನವೇ ಮಿಸ್ತ್ರಿಯ ಶೆಡ್ಡಿಗೆ ಹೋದೆ. ಅವನು ಏನನ್ನೂ ಮುಚ್ಚಿಡಲಿಲ್ಲ.

“ಅಕ್ಕಾವ್ರ, ಅದು ಜೋಡಿ ಅಲ್ರಿ. ಎಡದ್ದು ಬ್ಯಾರೆ ಗಾಡೀದು. ಸೆಟ್‌ನಾಗ ಒಂದು ಕಮ್ಮಿ ಬಂದಿತ್ತು, ಸಾವಕಾರ್ರು ಬ್ಯಾರೆ ಹುಡಿಕ್ಯಾಡಿ ತಂದು ಬಣ್ಣ ಹೊಡಿಸ್ಯಾರ. ಗಾಡಿ ಒಂದ ಬಾಜು ಕುಂದರ್ತದರಿ ಅಂತ ನಾ ಆವಾಗೇ ಹೇಳೀನಿ. ಮದುವಿ ಹತ್ತಿರ ಬಂದದ, ಹಾಕು, ಯಾರರೆ ಕೇಳಿದ್ರ ನಾ ಹೇಳ್ಕೋತೀನಿ ಅಂದ್ರು.”

ಯಾರಾದರೂ ಕೇಳಿದರೆ ಹೇಳಿಕೊಳ್ಳುತ್ತೇನೆ! ಹೇಳಿಕೊಂಡಿದ್ದರು, ನನ್ನ ಮೈ ತೋರಿಸಿ.

“ಹಳೇ ಸ್ಪ್ರಿಂಗ್ ನನ್ನ ಹತ್ರನ ಅದಾವ್ರಿ. ನಾಳೆ ಹಾಕಿ ಕೊಡ್ತೀನಿ,” ಎಂದ ಮಿಸ್ತ್ರಿ.

“ಬ್ಯಾಡ. ನಾ ಹೇಳಿದಾಗ ಹಾಕು.”

ಮೊದಲು ಕಾರು ಓಡಿಸುವುದನ್ನು ಕಲಿಯಬೇಕಿತ್ತು. ನನ್ನ ತವರು ಕೊಹಿನೂರ. ರಜೆಗೆ ನನ್ನನ್ನೂ ಮಕ್ಕಳನ್ನೂ ನಮ್ಮದೇ ಕಾರಿನಲ್ಲಿ ಕರೆದೊಯ್ದ ನನ್ನ ತಮ್ಮ ತೊಗರಿ ಕೊಯ್ದ ಹೊಲದಲ್ಲಿ ಕಲಿಸಿದ. ಹರಗಿದ ಮಣ್ಣಿನಲ್ಲಿ ಕಾರು ಕುಪ್ಪಳಿಸಿದಾಗಲೆಲ್ಲ ಎಡಗಾಲಿ ಮೇಲಿನ ತಗಡಿಗೆ ತಾಗಿ ಕರ್ರೆನ್ನುತ್ತಿತ್ತು. “ಅಕ್ಕಾ, ಇದನ್ನ ಮೊದಲ ರಿಪೇರಿ ಮಾಡಸು,” ಎನ್ನುತ್ತಿದ್ದ ತಮ್ಮ. ನನಗೆ ಆ ಸದ್ದು ಬೇಕಾಗಿತ್ತು. ಆ ಸದ್ದು ಕೇಳಿದಾಗಲೆಲ್ಲ ಹಂದರದ ನಗು ನೆನಪಾಗಿ ಸ್ಟೇರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ.

ಆ ವರ್ಷ ಭಾವನ ಸೊಸೆಯ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ, ಮದುವೆಗೆ ಬಂದಿದ್ದವರೆಲ್ಲ ಮತ್ತೆ ಬಸವಕಲ್ಯಾಣದಲ್ಲಿ ಸೇರುವವರಿದ್ದರು. ಭಾವ ಹಿಂದಿನ ದಿನ ವ್ಯಾಪಾರದ ಕೆಲಸಕ್ಕೆ ಹುಮನಾಬಾದಿಗೆ ಬಂದು ನಮ್ಮಲ್ಲೇ ಉಳಿದಿದ್ದರು. ಬೆಳಿಗ್ಗೆ ಹೊರಡುವಾಗ ನಾನು ಹೋಗಿ ಸ್ಟೇರಿಂಗಿನ ಮುಂದೆ ಕೂತೆ.

“ನೀ ಓಡಸ್ತಿಯೇನು?” ಎಂದರು ಭಾವ.

“ಹೌದ್ರಿ. ನೀವು ಹಿರ್ಯಾರು, ಮುಂದ ಬರ್ರಿ.”

ಭಾವ ನನಗಿಂತ ಎರಡು ಪಟ್ಟು ಆಳು. ಅವರು ಎಡಗಡೆ ಕೂತೊಡನೆ ಕಾರು ಇನ್ನೂ ಒಂದು ಬೆರಳು ಇಳಿಯಿತು. ಗಂಡ, ಮಕ್ಕಳು ಹಿಂದೆ. ರಾಜೇಶ್ವರದವರೆಗೆ ಹೈವೇ ನುಣುಪಾಗಿತ್ತು. ಬಂಗ್ಲಾ ಕ್ರಾಸಿನಲ್ಲಿ ಬಸವಕಲ್ಯಾಣದ ಕಡೆ ಹೊರಳಿದ ಮೇಲೆ ತಗ್ಗು, ದಿಬ್ಬ. ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ತಗ್ಗಿಗೂ ಭಾವನ ಕಾಲ ಬಳಿ ಕರ್ರ್ ಕರ್ರ್.

“ಸಾವಕಾಶ, ಸಾವಕಾಶ! ಏನದು ಸಪ್ಪಳ?”

“ಗಾಡಿ ನಿಮ್ಮ ಕಡೆ ಕುಂತದರಿ, ಭಾವ.”

ಮನೆಯ ದಾರಿ ಬಿಟ್ಟು ಪೇಟೆಗೆ ಹೋಗುವ ಕಿಲ್ಲಾದ ರಸ್ತೆಗೆ ತಿರುಗಿಸಿದೆ. ಈ ಕಡೆ ಯಾಕೆಂದು ಕೇಳಿದರು. ಹೂವು ತರಬೇಕು ಎಂದೆ. ಪೇಟೆಯಲ್ಲಿ ಅವರ ಅಂಗಡಿಯ ಎದುರೇ ನಿಲ್ಲಿಸಿ, ಹೂವಿನವಳ ಹತ್ತಿರ ಬೇಕೆಂದೇ ಚೌಕಾಶಿಗೆ ನಿಂತೆ. ಪಕ್ಕದ ಪಾತ್ರೆ ಅಂಗಡಿಯ ಮುದುಕ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ.

“ಅರೆ ಸಾವಕಾರ್ರ, ನಿಮ್ಮ ವಜನ್‌ಕ ಗಾಡಿ ನೆಲಾ ಹಿಡದದಲ್ರೀ!”

ಆಚೆ ಈಚೆಯ ಅಂಗಡಿಯವರು ನಕ್ಕರು. ಭಾವ ಗಾಜು ಏರಿಸಿಕೊಂಡರು. ನಾನು ಇನ್ನೆರಡು ಮೊಳ ಹೂವು ತೆಗೆದುಕೊಂಡೆ.

ಮನೆಯ ಮುಂದೆ ಹೆಂಗಸರೆಲ್ಲ ನೆರೆದಿದ್ದರು. ನಾದಿನಿ ಅಭ್ಯಾಸದಂತೆ ಬಾಯಿ ತೆರೆದವಳು, ಎಡಗಡೆಯಿಂದ ಅಣ್ಣ ಇಳಿಯುವುದನ್ನು ಕಂಡು ಮುಚ್ಚಿದಳು. ನಾನು ಗಾಲಿ ಪೂರ್ತಿ ತಿರುಗಿಸಿ ಕೆಳಗಿಳಿದು, ಮದುಮಗನಾಗಿದ್ದ ಭಾವನ ಮಗನನ್ನು ಕರೆದೆ.

“ಎಡಗಾಲಿ ಹಿಂದ ಬಗ್ಗಿ ನೋಡಪ್ಪ. ಸ್ಪ್ರಿಂಗ್‌ನಾಗ ನಾ ಕೆರೆದ ಕಡೆ ಯಾವ ಬಣ್ಣ ಅದ?”

“ಕಾಕಿ, ನೀಲಿ ಅದರಿ.”

“ಆ ಕಡೀದು?”

ಅವನು ಸುತ್ತಿ ಹೋಗಿ ಬಗ್ಗಿದ. “ಇಲ್ಲಿ ನೀಲಿ ಇಲ್ಲ.”

ನಾನು ಭಾವನ ಕಡೆ ತಿರುಗಿದೆ. “ಇದು ಜೋಡಿ ಅಲ್ಲ, ಗಾಡಿ ಒಂದ ಬಾಜು ಕುಂದರ್ತದ ಅಂತ ಮಿಸ್ತ್ರಿ ನಿಮಗ ಹೇಳಿದ್ನೊ ಇಲ್ಲೊ? ಎಲ್ಲಾರ ಮುಂದ ಹೇಳ್ರಿ. ಅವತ್ತೂ ಎಲ್ಲಾರ ಮುಂದನ ಹೇಳೀರಿ.”

ಭಾವ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ಚಾಷ್ಟಿ ಮಾಡೀನಿ. ಮನಿ ಮಂದಿ ಒಳಗ ಅಷ್ಟೂ ಮಾಡಬಾರದೇನು?”

“ಮಿಸ್ತ್ರಿ ಹೇಳಿದ್ನೊ ಇಲ್ಲೊ?”

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಯಾರೋ ನಕ್ಕರು. ತಿರುಗಿದರೆ ನೆಗೆಣ್ಣಿ, ಭಾವನ ಹೆಂಡತಿ. ಗಂಡನೆದುರು ಎಂದೂ ದನಿ ಎತ್ತದವರು, ಆರತಿಯ ತಟ್ಟೆ ಕೆಳಗಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದರು. ಆ ನಗು ನಿಲ್ಲಲೇ ಇಲ್ಲ. ಕೊನೆಗೆ ಅದು ನಗುವೋ ಅಳುವೋ ತಿಳಿಯದಂತಾಯಿತು. ಕಾರಿಗೂ ಸ್ಪ್ರಿಂಗಿಗೂ ಸಂಬಂಧವಿಲ್ಲದ ಎಷ್ಟೋ ವರ್ಷ ಅದರಲ್ಲಿದ್ದವು. ಭಾವ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಹೋದರು. ಕುಬಸದ ಊಟಕ್ಕೂ ಬರಲಿಲ್ಲ.

“ಶುಭದ ದಿನಾನ ಬೇಕಿತ್ತೇನವ್ವ ಇದು?” ಎಂದರು ಅತ್ತೆ.

“ಅವತ್ತು ಮದುವಿ ಇತ್ತಲ್ರಿ, ಅತ್ತಿ,” ಎಂದೆ. ಅವರು ಒಳಗೆ ಹೋದರು.

ಮುಂದಿನ ವಾರ ಮಿಸ್ತ್ರಿ ಹಳೆಯ ಸ್ಪ್ರಿಂಗು ಹಾಕಿದ. ಕಾರು ನಾಲ್ಕೂ ಗಾಲಿಯ ಮೇಲೆ ಸಮನಾಗಿ ನಿಂತಿತು. ನನ್ನ ಮೈ ಹಾಗೆಯೇ ಇತ್ತು. ನಾದಿನಿಯ ಫೋನು ಕಡಿಮೆಯಾಯಿತು. ಗಂಡ ಒಂದು ರಾತ್ರಿ ಊಟದ ನಡುವೆ, “ಆವತ್ತು ನಾ ನಗಬಾರದಿತ್ತು,” ಎಂದರು. ಮರುದಿನ ಡಬ್ಬಿಗೆ ಬದನೆಕಾಯಿ ಎಣಗಾಯಿ ಹಾಕಿದೆ.

ಭಾವ ಮಾತ್ರ ತಪ್ಪಾಯಿತೆನ್ನಲಿಲ್ಲ. ನನಗೂ ಅದು ಬೇಕಿರಲಿಲ್ಲ, ತಪ್ಪಾಯಿತೆಂದಿದ್ದರೆ ನಾನು ಕ್ಷಮಿಸಬೇಕಾಗುತ್ತಿತ್ತು. ಆಮೇಲೆ ಅವರು ಹುಮನಾಬಾದಿಗೆ ಬಂದರೆ ಬಸ್ಸಿಗೇ ಬಂದು ಬಸ್ಸಿಗೇ ಹೋಗುತ್ತಿದ್ದರು. ನಾನು ಪೇಟೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಅವರು ಬಿಸಿಲಿಗೆ ಟವಲು ಹೊದ್ದು ನಿಂತದ್ದು ಕಂಡರೆ ಅವರೆದುರೇ ಕಾರು ನಿಲ್ಲಿಸಿ, ಎಡಗಡೆಯ ಬಾಗಿಲು ತೆರೆಯುತ್ತಿದ್ದೆ.

“ಬರ್ರಿ ಭಾವ, ಕುಂದರ್ರಿ.”

ಅವರು ಬೇರೆಲ್ಲೋ ನೋಡುತ್ತಿದ್ದರು. ಬಾಗಿಲು ತೆರೆದಿಟ್ಟುಕೊಂಡು, ಬಸವಕಲ್ಯಾಣದ ಬಸ್ಸು ಬರುವವರೆಗೆ ನಾನೂ ಅಲ್ಲೇ ನಿಂತಿರುತ್ತಿದ್ದೆ.