ಹಸಿರು ಪಂಪಿನ ಸಾಲಿನಲ್ಲಿ ಒಂದು ಸಲ

ಪಾಕ್ ಸರ್ವಿದಿ ಇಪ್ಪತ್ತೆರಡು ವರ್ಷ ಒಂದೇ ಮನೆಯ ಕಾರು ಓಡಿಸಿದವನು. ಯಜಮಾನತಿ ಬು ಸ್ವಾನ್ ಅವರದು ಸೆಮರಾಂಗ್ ಪೇಟೆಯಲ್ಲಿ ಕಳಲೆ ತುಂಬಿದ ಲುಂಪಿಯಾ ಕರಿದು ಮಾರುವ ಅಂಗಡಿ. ಆ ಊರಿನಲ್ಲಿ ಹಿರಿಯ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ಮರ್ಯಾದೆ. ಈ ಇಪ್ಪತ್ತೆರಡು ವರ್ಷಗಳಲ್ಲಿ ಕಾರು ಒಮ್ಮೆ ಬದಲಾಯಿತು, ಅವನ ತಲೆಗೂದಲಿನ ಬಣ್ಣ ಪೂರ್ತಿ ಬದಲಾಯಿತು, ಪದ್ಧತಿ ಮಾತ್ರ ಬದಲಾಗಲಿಲ್ಲ. ಟ್ಯಾಂಕು ಖಾಲಿಯಾದರೆ ಬು ಸ್ವಾನ್ ಹಿಂದಿನ ಸೀಟಿನಿಂದ ದುಡ್ಡು ಚಾಚಿ “ನೀಲಿ ಹಾಕ್ಸಿ ಪಾಕ್” ಎನ್ನುತ್ತಿದ್ದರು. ಅಂಗಡಿಯಲ್ಲಿ ಕೆಲಸವಿದ್ದರೆ ಅಲ್ಲಿಂದಲೇ ದುಡ್ಡು ಕೊಟ್ಟು ಕಳಿಸುತ್ತಿದ್ದರು. ಚೀಟಿ ಕೇಳಿದವರಲ್ಲ, ಬಂಕಿನಲ್ಲಿ ಕೆಳಗಿಳಿದು ನೋಡಿದವರೂ ಅಲ್ಲ.

ನೀಲಿ ಪಂಪಿನದು ದುಬಾರಿ ಪೆಟ್ರೋಲು, ಹಸಿರಿನದು ಸರ್ಕಾರ ಕೈ ಹಿಡಿದ ಅಗ್ಗದ್ದು. ಹಸಿರು ಪಂಪಿನ ಮೇಲೆ ‘ಅನುಕೂಲವಿಲ್ಲದವರಿಗೆ’ ಎಂದು ಬರೆದ ಹಲಗೆ ಇರುತ್ತದೆ. ಅದರ ಕೆಳಗೆ ಎಲ್ಲ ಅನುಕೂಲವಿದ್ದವರೂ ಗಾಜು ಏರಿಸಿಕೊಂಡು ಸಾಲು ನಿಂತಿರುತ್ತಾರೆ. ಬೇರೆಯವರ ಮನೆಯ ಡ್ರೈವರುಗಳು ಆ ಸಾಲಿನಲ್ಲಿ ನಿಲ್ಲುವುದಕ್ಕೆ ಕಾರಣವೇ ಬೇರೆ. ಯಜಮಾನರು ನೀಲಿಗೆ ಕೊಟ್ಟ ದುಡ್ಡಿನಲ್ಲಿ ಹಸಿರು ಹಾಕಿಸಿ ಮಿಕ್ಕದ್ದನ್ನು ಜೇಬಿಗಿಳಿಸಿದರೆ ಅದಕ್ಕೆ ಸಿಗರೇಟಿನ ಕಾಸು ಎಂದು ಹೆಸರು. ಕಳ್ಳತನ ಎಂದು ಯಾರೂ ಕರೆಯುವುದಿಲ್ಲ, ಕರೆದರೆ ಕಾಫಿ ಅಂಗಡಿಯ ಬೆಂಚಿನಲ್ಲಿ ಜಾಗ ಸಿಗುವುದಿಲ್ಲ.

ಆ ಬೆಂಚಿನಲ್ಲಿ ಸರ್ವಿದಿಯ ಪಕ್ಕ ಕೂರುವವನು ಕಸ್ಮಿನ್, ಪಕ್ಕದ ಬಟ್ಟೆ ಅಂಗಡಿಯವರ ಡ್ರೈವರ್. ಅವನಿಗೆ ಸರ್ವಿದಿಯ ನಿಯತ್ತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ.

“ನಿನ್ನ ಕಾರೇನು ಸುಲ್ತಾನನ ಕುದುರೇನಾ ಮಾರಾಯ? ಹೊಟ್ಟೆಗೆ ಹೋದ್ಮೇಲೆ ನೀಲಿ ಯಾವುದು, ಹಸಿರು ಯಾವುದು ಯಾರಿಗೆ ಗೊತ್ತಾಗುತ್ತೆ?”

“ಕಾರಿಗೆ ಗೊತ್ತಾಗುತ್ತೆ.”

“ಗೊತ್ತಾಗಿ? ನಿನ್ನ ಯಜಮಾನತಿ ಹತ್ರ ಹೋಗಿ ಚಾಡಿ ಹೇಳುತ್ತಾ?”

ಸರ್ವಿದಿ ನಕ್ಕು ಕಾಫಿ ಹೀರುತ್ತಿದ್ದ. ಒಳಗೊಳಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಆ ಜಂಬಕ್ಕೇ ಬಿತ್ತು ಪೆಟ್ಟು.

ಆ ವರ್ಷ, ಹಲಸಿನಂಥ ಮುಳ್ಳುಹಣ್ಣು ದುರಿಯನ್ ಬರುವ ಕಾಲದಲ್ಲಿ, ಅವನ ಹೆಂಡತಿ ರುಮಿನಿ ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದಿದ್ದಳು. ಬಾಯಿಗೆ ಯಾವುದೂ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಗಂಜಿಯ ಬಟ್ಟಲು ದೂಡಿ, “ಗುನುಂಗ್‌ಪತಿ ದುರಿಯನ್ ಪೇಟೆಗೆ ಬಂದಿರ್ಬೇಕಲ್ಲ” ಎಂದಳು. ಅಷ್ಟೇ. ಬೇಕು ಎನ್ನಲಿಲ್ಲ. ಬೇಕು ಎಂದಿದ್ದರೆ ಅವನು ದುಡ್ಡಿಲ್ಲ ಎಂದು ಬಿಡುತ್ತಿದ್ದ.

ಅವತ್ತೇ ಬು ಸ್ವಾನ್ ಅಂಗಡಿಯಿಂದ ದುಡ್ಡು ಕೊಟ್ಟು ಕಳಿಸಿದರು. ಬಂಕಿನಲ್ಲಿ ನೀಲಿಯ ಮುಂದೆ ನೊಣವೂ ಇರಲಿಲ್ಲ. ಸರ್ವಿದಿ ಹೋಗಿ ಹಸಿರಿನ ಸಾಲಿನ ಕೊನೆಯಲ್ಲಿ ನಿಂತ. ಅರ್ಧ ಗಂಟೆ ಆ ಹಲಗೆಯನ್ನೇ ಓದಿದ. ಕಾರು ಅನುಕೂಲವಿದ್ದವರದು, ಓಡಿಸುವವನು ಅನುಕೂಲವಿಲ್ಲದವನು. ಹಲಗೆ ಹೇಳಿದ್ದು ಇಬ್ಬರಲ್ಲಿ ಯಾರಿಗೆ ಎಂದು ತನ್ನಷ್ಟಕ್ಕೆ ವಾದ ಹೂಡಿ, ತಾನೇ ಗೆದ್ದು, ಗೆದ್ದ ಸಮಾಧಾನವಿಲ್ಲದೆ ಟ್ಯಾಂಕು ತುಂಬಿಸಿಕೊಂಡು ಬಂದ. ಮಿಕ್ಕ ದುಡ್ಡಿಗೆ ಸರಿಯಾಗಿ ಒಂದು ದುರಿಯನ್ ಬಂತು.

ಹಣ್ಣು ಅರ್ಧ ಗಟ್ಟಿಯಾಗಿತ್ತು, ಉಳಿದರ್ಧ ಬೆಣ್ಣೆ. ರುಮಿನಿ ಬೆರಳು ನೆಕ್ಕುತ್ತ ತಿಂದಳು.

“ಎಲ್ಲಿಂದ ಬಂತು ರೀ ಇದು?”

“ಬು ಕೊಟ್ರು.”

“ಪುಣ್ಯಾತ್ಗಿತ್ತಿ. ನೀವೂ ತಿನ್ನಿ.”

“ನನಗೆ ಹೊಟ್ಟೆ ಸರಿ ಇಲ್ಲ,” ಎಂದು ಸಿಪ್ಪೆ ಎತ್ತಿಕೊಂಡು ಹೊರಗೆ ಹೋದ.

ಮರುದಿನ ರುಮಿನಿ ಎದ್ದು, ಜ್ವರ ಬಿಟ್ಟ ಮೈಯಲ್ಲೇ ಸೋಯಾಕಾಳು ಹುದುಗಿಸಿದ ಟೆಂಪೆ ಕರಿದು ಬಾಳೆಲೆಯಲ್ಲಿ ಕಟ್ಟಿ ಕೊಟ್ಟಳು. “ಬು ಅವರಿಗೆ ಕೊಡಿ. ಅಷ್ಟು ಒಳ್ಳೆ ಹಣ್ಣು ತಿಂದು ಸುಮ್ನಿರೋಕಾಗುತ್ತಾ?” ಸರ್ವಿದಿ ಅಂಗಡಿಯ ಹಿಂದೆ ಕಾರು ನಿಲ್ಲಿಸಿ, ಗಾಜು ಏರಿಸಿ, ಆ ಹತ್ತು ತುಂಡನ್ನೂ ಒಬ್ಬನೇ ಕೂತು ತಿಂದ. ಕೊಡುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ ಎನ್ನುತ್ತಾರಲ್ಲ, ಅವನ ಪಾಲಿಗೆ ಅದು ಟೆಂಪೆಯಾಗಿ ಬಂದಿತ್ತು.

ಮಧ್ಯಾಹ್ನ ಬು ಸ್ವಾನ್ ಮೇಲೂರಿನ ತಂಗಿಯ ಮನೆಗೆ ಹೊರಟರು. ಗೊಂಬೆಲ್ ಏರು ಹತ್ತುವಾಗ ಎಂಜಿನ್ ಒಳಗೆ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ ಸದ್ದು ಶುರುವಾಯಿತು. ಕಾರು ಚಾಡಿ ಹೇಳುತ್ತಿತ್ತು.

“ಏನು ಪಾಕ್ ಅದು ಸದ್ದು?”

“ರಸ್ತೆ ಸರಿ ಇಲ್ಲ ಬು.”

ರಸ್ತೆಗೆ ಟಾರು ಹಾಕಿ ತಿಂಗಳಾಗಿರಲಿಲ್ಲ. ಬು ಸ್ವಾನ್ “ಹೂಂ” ಎಂದರು. ಆ ಹೂಂ ಸರ್ವಿದಿಯ ಬೆನ್ನಿಗೆ ಅಂಟಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದವರೇ ಇಲ್ಲ, ಇವನು ದಾರಿಯುದ್ದಕ್ಕೂ ಹೆಗಲು ಒರೆಸಿಕೊಂಡ.

ಅಲ್ಲಿಂದ ಅವನಿಗೆ ನೆಮ್ಮದಿ ಹೋಯಿತು. ಟ್ಯಾಂಕು ಅರ್ಧಕ್ಕಿಳಿಯುವಷ್ಟರಲ್ಲೇ ಬು ಅವರಿಂದ ದುಡ್ಡು ಕೇಳಿ ಪಡೆದು ಹೋಗಿ ನೀಲಿ ತುಂಬಿಸಿದ. ಈಗ ಅರ್ಧ ಹಸಿರು ಉಳಿಯಿತು. ಮತ್ತೆ ತುಂಬಿಸಿದಾಗ ಕಾಲು ಭಾಗ. ಮತ್ತೊಮ್ಮೆ ತುಂಬಿಸಿದರೆ ಅರೆಕಾಲು. ಎಷ್ಟು ಸಲ ತುಂಬಿಸಿದರೂ ಒಂದಿಷ್ಟು ಹಸಿರು ಒಳಗೆ ಉಳಿದೇ ಉಳಿಯುತ್ತದಲ್ಲ ಎಂಬ ಲೆಕ್ಕ ತಲೆಯಿಂದ ಇಳಿಯಲಿಲ್ಲ. ಗೊಂಬೆಲ್ ಏರಿನಲ್ಲಿ ಸದ್ದು ನಿಂತುಹೋಗಿ ವಾರಗಳಾದವು, ಅವನ ಕಿವಿಯಲ್ಲಿ ನಿಲ್ಲಲಿಲ್ಲ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಬಾನೆಟ್ ತೆರೆಯುತ್ತಿದ್ದ. ಮುಚ್ಚಿ ಬಂದು ಕೂತು, ಮತ್ತೆ ಏಳುತ್ತಿದ್ದ.

ಹೇಳಿಬಿಡಬಹುದಿತ್ತು. ಹತ್ತು ಸಲ ಬಾಯಿವರೆಗೆ ಬಂದದ್ದೂ ಹೌದು. ಆದರೆ ಒಂದೇ ಸಲ ಎಂದರೆ ನಂಬುವವರು ಯಾರು? ಎಲ್ಲ ಡ್ರೈವರುಗಳೂ ತೆಗೆಯುವ ಕಾಸನ್ನು ಇಪ್ಪತ್ತೆರಡು ವರ್ಷ ಮುಟ್ಟದೆ, ಒಂದು ದಿನ ಮಾತ್ರ ಮುಟ್ಟಿದೆ ಎಂದರೆ, ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದೆ ಎಂದ ಹಾಗೆ. ಆ ಒಂದು ದಿನವನ್ನು ಒಪ್ಪಿಕೊಂಡರೆ ಇಪ್ಪತ್ತೆರಡು ವರ್ಷವೂ ಅದರ ಜೊತೆ ಹೋಗುತ್ತದೆ. ಒಪ್ಪಿಕೊಳ್ಳದಿದ್ದರೆ ಅವು ಇದ್ದೂ ಅವನಿಗೆ ದಕ್ಕುವುದಿಲ್ಲ. ಅವನ ಹತ್ತಿರ ಇದ್ದ ಆಸ್ತಿ ಅದೊಂದೇ, ಪಾಪ.

ಹಾಗಿರುವಾಗ ಬು ಸ್ವಾನ್ ಅವರಿಗೆ ಕಣ್ಣಿನ ಪೊರೆ ಬಲಿತು ಓಡಾಟ ಕಡಮೆಯಾಯಿತು. ದೊಡ್ಡ ಕಾರು ಇನ್ನು ಯಾಕೆ, ಮಾರಿ ಸಣ್ಣದೊಂದು ಕೊಳ್ಳೋಣ ಎಂದುಕೊಂಡರು. ಕನ್ನಡಕದ ವ್ಯಾಪಾರಿ ಪಾಕ್ ಗುನಾದಿ ಕೊಳ್ಳಲೆಂದು ಕಾರು ನೋಡಲು ಬಂದ. ಬಾನೆಟ್ ತೆರೆಸಿದ, ಬಗ್ಗಿ ಕಿವಿಗೊಟ್ಟ, ಯಾವ ಪೆಟ್ರೋಲು ಹಾಕಿಸ್ತೀರಿ ಎಂದು ಕೇಳಿದ.

“ಈ ಕಾರು ಮನೆಗೆ ಬಂದಾಗಿಂದ ನೀಲಿ ಬಿಟ್ಟು ಬೇರೆ ಕುಡಿದಿಲ್ಲ,” ಎಂದರು ಬು ಸ್ವಾನ್. “ಬೇಕಾದ್ರೆ ನಮ್ಮ ಪಾಕ್ ಸರ್ವಿದೀನ ಕೇಳಿ. ಅವರ ಮಾತೂ ಒಂದೇ, ನನ್ನ ಮಾತೂ ಒಂದೇ.”

ಗುನಾದಿ ಸರ್ವಿದಿಯ ಕಡೆ ತಿರುಗಿದ. ಗೇಟಿನ ಆಚೆ ಕಸ್ಮಿನ್ ಬೀಡಾಡಿಯಂತೆ ನಿಂತು ನೋಡುತ್ತಿದ್ದ. ಹೌದು ಎನ್ನಲು ಏನೂ ಖರ್ಚಿರಲಿಲ್ಲ. ಬು ಸ್ವಾನ್ ಆ ಕೊನೆಯ ಮಾತು ಆಡದೆ ಇದ್ದಿದ್ದರೆ ಅವನು ಹೌದು ಎಂದೇ ಬಿಡುತ್ತಿದ್ದ.

“ಒಂದು ಸಲ ಹಸಿರು ಹಾಕ್ಸಿದೀನಿ ಬು. ದುರಿಯನ್ ಕಾಲದಲ್ಲಿ. ದುಡ್ಡು ಮಿಗಿಸಿ ಹಣ್ಣು ತಗೊಂಡೆ.” ಮತ್ತೆ ಹೇಳಿದ, “ಒಂದೇ ಸಲ.”

ಗುನಾದಿ ನಕ್ಕ. ಕೆಟ್ಟ ನಗೆಯಲ್ಲ, ಮಗುವಿನ ತಲೆ ಸವರುವಂಥದ್ದು. “ಒಂದೇ ಸಲ,” ಎಂದ. “ನಮ್ಮ ಹಳೇ ಡ್ರೈವರೂ ಹಾಗೇ ಹೇಳ್ತಿದ್ದ.” ಬಾನೆಟ್ ಮುಚ್ಚಿ, ಯೋಚನೆ ಮಾಡಿ ಹೇಳ್ತೀನಿ ಎಂದು ಹೊರಟುಹೋದ.

“ನಿನಗೇನು ತಲೆ ಕೆಟ್ಟಿದೆಯಾ?” ಎಂದ ಕಸ್ಮಿನ್ ಗೇಟಿನ ಆಚೆಯಿಂದಲೇ, ಮೆಲ್ಲಗೆ. “ನಾಳೆ ನನ್ನ ಯಜಮಾನ ನನ್ನನ್ನ ಕೇಳ್ತಾನೆ. ಏನಂತ ಹೇಳ್ಲಿ?”

ಬು ಸ್ವಾನ್ ಕಾರು ಹತ್ತಿದರು. ತಂಗಿಯ ಮನೆಗೆ ಎಂದರು. ಗೊಂಬೆಲ್ ಏರಿನಲ್ಲಿ ಎಂಜಿನ್ ಕಮಕ್ ಕಿಮಕ್ ಎನ್ನಲಿಲ್ಲ. ಸದ್ದೊಂದು ಇದ್ದಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಸರ್ವಿದಿಗೆ.

“ಅವತ್ತು ಸದ್ದು ಮಾಡಿದ್ದು ರಸ್ತೇನಾ?” ಬು ಸ್ವಾನ್ ಕೇಳಿದರು.

“ಅಲ್ಲ ಬು.”

ಏರು ಮುಗಿಯಿತು. “ಹಣ್ಣು ಚೆನ್ನಾಗಿತ್ತಾ?”

“ನಾನು ತಿನ್ಲಿಲ್ಲ. ಅವಳು ತಿಂದ್ಲು.”

ವಾಪಸು ಬರುವಾಗ ಪೆಟ್ರೋಲು ಕಡಮೆಯಿತ್ತು. ಬಂಕಿಗೆ ತಿರುಗಿಸಿ, ಅಭ್ಯಾಸಬಲದಿಂದ ಸರ್ವಿದಿ ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದ. ಕೈಗೆ ದುಡ್ಡು ಬೀಳಲಿಲ್ಲ. ಹಿಂದಿನ ಬಾಗಿಲು ತೆರೆದ ಸದ್ದಾಯಿತು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬು ಸ್ವಾನ್ ಬಂಕಿನಲ್ಲಿ ಕೆಳಗಿಳಿದರು. ಮಂಡಿ ನೋವಿನ ಕಾಲು ಊರಿ, ಕಾರಿನ ಮೈ ಹಿಡಿದುಕೊಂಡು, ಪಂಪಿನವರೆಗೆ ನಡೆದರು. ಸರ್ವಿದಿ ಇಳಿದು ಓಡಿಬಂದ, ಕೈ ಹಿಡಿಯಲು ಧೈರ್ಯವಾಗಲಿಲ್ಲ. ಎರಡು ಏಟು ಹಾಕಿದ್ದರೂ ಇಷ್ಟು ನೋಯುತ್ತಿರಲಿಲ್ಲ.

“ಯಾವುದು ಹಾಕ್ಲಿ ಓಮಾ?” ಪಂಪಿನ ಹುಡುಗಿ, ಅಜ್ಜಿಯನ್ನು ಕರೆಯುವಂತೆ, ಕೇಳಿದಳು.

ಆ ಪಂಪಿನಲ್ಲಿ ಎರಡು ಕೊಳವೆಗಳೂ ಅಕ್ಕಪಕ್ಕದಲ್ಲೇ ಇದ್ದವು. ಬು ಸ್ವಾನ್ ಕಣ್ಣು ಕಿರಿದು ಮಾಡಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಪೊರೆ ಬಂದ ಕಣ್ಣಿಗೆ ಎರಡೂ ಅಕ್ಕಿ ತೊಳೆದ ನೀರಿನ ಬಣ್ಣ.

“ಯಾವುದು ನೀಲಿ?” ಎಂದರು.

ಸರ್ವಿದಿ ಒಂದು ಹೆಜ್ಜೆ ಹಿಂದೆ ಸರಿದ. “ನೀನೇ ಹೇಳಮ್ಮ,” ಎಂದ ಹುಡುಗಿಗೆ.

“ಇದು ಓಮಾ, ಈ ಕಡೇದು.”

“ನಾನು ಕೇಳಿದ್ದು ನಿನ್ನನ್ನಲ್ಲ,” ಎಂದರು ಬು ಸ್ವಾನ್, ಯಾರ ಕಡೆಗೂ ತಿರುಗದೆ. “ಪಾಕ್ ಸರ್ವಿದೀನ.”

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಎಡಗಡೆಯ ಕೊಳವೆಯನ್ನು ಮುಟ್ಟಿ ತೋರಿಸಿದ. “ಇದು ನೀಲಿ ಬು.”

ಬು ಸ್ವಾನ್ ದುಡ್ಡನ್ನು ಹುಡುಗಿಗೆ ಕೊಡಲಿಲ್ಲ, ಎಂದಿನಂತೆ ಅವನ ಕೈಗೇ ಕೊಟ್ಟರು. ಆದರೆ ಟ್ಯಾಂಕು ತುಂಬಿ ಮುಚ್ಚಳ ಬೀಳುವ ತನಕ, ಬಣ್ಣ ಕಾಣದ ಆ ಕೊಳವೆಯನ್ನೇ ನೋಡುತ್ತ ಅಲ್ಲೇ ನಿಂತಿದ್ದರು.