ಅತ್ತೆಯ ಹೊಲದಲ್ಲಿ ಬಾವಿ ಹುಡುಕಿದ ದಿನ

ನಮ್ಮ ಸೋದರತ್ತೆಯ ಫೋನು ಬಂದಾಗ ನಾನು ದೊಡ್ಡಬಳ್ಳಾಪುರದ ಮನೆಯಲ್ಲಿ ತಿಂಡಿಗೆ ಕೂತಿದ್ದೆ.

"ಲೋ, ಹೊಲ ಮಟ್ಟ ಮಾಡಕ್ಕೆ ಜೆಸಿಬಿ ಬಂದೈತೆ ಕಣೋ. ನಿಮ್ಮ ಮಾವ ಮುಚ್ಚಿಸಿದ ಬಾವಿ ಎಲ್ಲೈತೆ ಅಂತ ನಂಗೆ ತಿಳೀತಿಲ್ಲ. ನಿನ್ನ ಮಿಷನ್ನಾಗೆ ಗುರುತು ಇಟ್ಕೊಂಡಿದ್ಯಲ್ಲ, ಬಂದು ತೋರ್ಸು."

"ಗಾಡಿ ನಿಲ್ಲಿಸಿ ಅತ್ತೆ. ನಾನು ಬರೋವರ್ಗೂ ಒಂದಡಿ ಮುಂದಕ್ಕೆ ಹೋಗ್ಬಾರ್ದು."

"ಆಗ್ಲೇ ಸುರು ಮಾಡ್ಬಿಟ್ಟವ್ನೆ."

ಕೈ ತೊಳೆದವನೇ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಬೈಕ್ ಹತ್ತಿದೆ. ಅತ್ತೆಯ ಹೊಲ ಇರುವುದು ರಾಜಘಟ್ಟದ ಹತ್ತಿರ. ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಹೋದೆ. ತಪ್ಪು ನನ್ನದೇ ಆಗಿತ್ತು.

ಏಳೆಂಟು ವರ್ಷದ ಹಿಂದೆ ಆ ಬತ್ತಿದ ಬಾವಿಗೆ ಕರುವೊಂದು ಬಿದ್ದು ಸತ್ತಿತ್ತು. ಮಾವ ಬಾಯಿಗೆ ಅಡ್ಡಲಾಗಿ ಕಲ್ಲು ಚಪ್ಪಡಿ ಹಾಸಿಸಿ, ಮೇಲೆ ಮಣ್ಣೆಳೆಸಿದರು. ಗುರುತಿಗೆ ಅಲ್ಲೊಂದು ಉದ್ದನೆಯ ಕಲ್ಲು ನೆಡುತ್ತೇನೆಂದರು. ನಾನು ಬೇಡವೆಂದೆ. ಜಮೀನುಗಳ ನಕ್ಷೆ ಮಾಡಿಕೊಡುವ ಕೆಲಸವನ್ನು ಆಗಷ್ಟೇ ಶುರುಮಾಡಿದ್ದೆ. ಹೊಸದಾಗಿ ಕೊಂಡ ಜಿಪಿಎಸ್ ರಿಸೀವರ್ ಅಂಗೈಯಲ್ಲಿತ್ತು. ಬಾವಿಯ ಮೇಲೆ ನಿಂತು ಒಂದು ಗುಂಡಿ ಒತ್ತಿ, "ಉಳೋಕೆ ಕಲ್ಲು ಅಡ್ಡ ಬರ್ತದೆ ಮಾವ. ಜಾಗ ಇದ್ರಲ್ಲಿ ಉಳ್ಕೊಂಡಿದೆ, ಯಾವಾಗ ಬೇಕಾದ್ರೂ ಸಿಗ್ತದೆ" ಅಂದಿದ್ದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಮಾತು ನಂಬಿದರು. ಎರಡು ವರ್ಷಕ್ಕೆ ತೀರಿಕೊಂಡರು. ಬಾವಿಯ ಪಕ್ಕದಲ್ಲಿದ್ದ ಬೇವಿನ ಮರವೂ ಆಮೇಲೆ ಹೋಯಿತು.

ಹೋದ ವರ್ಷ ಆ ರಿಸೀವರ್ ಬೈಕಿನಿಂದ ಬಿದ್ದು ಪರದೆ ಕಪ್ಪಾಗಿತ್ತು. ಒಳಗೆ ಜೀವವಿತ್ತು, ಗುಂಡಿ ಒತ್ತಿದರೆ ಕುಂಯ್ ಎನ್ನುತ್ತಿತ್ತು. ಆದರೆ ಅದರೊಳಗಿನ ಗುರುತುಗಳನ್ನು ನೋಡಬೇಕಾದರೆ ಲ್ಯಾಪ್‌ಟಾಪಿಗೇ ಜೋಡಿಸಬೇಕು. ಹಳೆಯ ಲ್ಯಾಪ್‌ಟಾಪ್ ಕೆಟ್ಟುಹೋಗಿತ್ತು. ಹೊಸದಕ್ಕೆ ಎಲ್ಲವನ್ನೂ ಇಳಿಸಿಕೊಳ್ಳೋಣ, ನಾಳೆ ಮಾಡೋಣ ಎಂದುಕೊಂಡೇ ತಿಂಗಳುಗಳು ಕಳೆದಿದ್ದವು.

ಹೊಲಕ್ಕೆ ಹೋದಾಗ ಜೆಸಿಬಿ ನಿಂತಿತ್ತು, ಎಂಜಿನ್ ಮಾತ್ರ ಗುರ್‌ಗುಟ್ಟುತ್ತಿತ್ತು. ಪೂರ್ವದ ಕಡೆ ಉದ್ದಕ್ಕೆ ಒಂದು ಪಟ್ಟಿ ಆಗಲೇ ಮಟ್ಟವಾಗಿತ್ತು. ಗಾಡಿಯ ಮುಂದೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಿದ್ದರು. ನಲವತ್ತು ದಾಟಿದ ಡ್ರೈವರ್ ಮೇಲಿಂದಲೇ ಕೇಳಿದ: "ಎಷ್ಟೊತ್ತು ಸಾರ್? ಮಧ್ಯಾಹ್ನಕ್ಕೆ ನಂಗೆ ಇನ್ನೊಂದು ಕಡೆ ಕೆಲಸ ಐತೆ."

"ಹತ್ತು ನಿಮಿಷ" ಅಂದೆ.

ಬದುವಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಚೀಲದಿಂದ ರಿಸೀವರ್ ತೆಗೆದು ಕೇಬಲ್ ಚುಚ್ಚಿದೆ. ರಿಸೀವರ್ ಕುಂಯ್ ಎಂದಿತು. ನಕ್ಷೆಯ ಸಾಫ್ಟ್‌ವೇರ್ ಮಾತ್ರ ಯಾವ ಸಾಧನವೂ ಸಿಗಲಿಲ್ಲ ಎಂದಿತು. ಕಿತ್ತು ಮತ್ತೆ ಚುಚ್ಚಿದೆ. ಇನ್ನೊಂದು ತೂತಿಗೆ ಹಾಕಿದೆ. ಲ್ಯಾಪ್‌ಟಾಪನ್ನೇ ಆರಿಸಿ ಹಚ್ಚಿದೆ. ಬಿಸಿಲಿಗೆ ಪರದೆಯಲ್ಲಿ ನನ್ನ ಮುಖ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅತ್ತೆ ಬಂದು ಸೆರಗನ್ನು ಅಗಲ ಮಾಡಿ ಅದರ ಮೇಲೆ ನೆರಳು ಹಿಡಿದರು.

"ನಿಮ್ಮ ಮಾವ ಕಲ್ಲು ನೆಡ್ತೀನಿ ಅಂದಿದ್ರು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನ್ನ ಕಿವಿ ಬಿಸಿಯಾಯಿತು.

ನನ್ನ ಜೊತೆ ಕೆಲಸ ಮಾಡುವ ಗೆಳೆಯನಿಗೆ ಫೋನು ಮಾಡಿದೆ.

"ಯಾವ ಕೇಬಲ್ಲೋ ಅದು?" ಎಂದ.

"ಮೊಬೈಲ್ ಚಾರ್ಜರಿಂದು. ಇದಕ್ಕೂ ಅದೇ ಆಗ್ತದೆ."

"ಗುರು, ಕೆಲವು ಕೇಬಲ್ಲಲ್ಲಿ ಕರೆಂಟ್ ಮಾತ್ರ ಹರಿಯೋದು, ಮಾಹಿತಿ ಹೋಗಲ್ಲ. ಬೇರೆ ಹಾಕು."

ಚೀಲವನ್ನು ಬೋರಲು ಹಾಕಿ ಜಾಲಾಡಿದೆ. ಒಳಜೇಬಿನಲ್ಲಿ ರಿಸೀವರ್ ಜೊತೆಗೇ ಬಂದಿದ್ದ ಕೇಬಲ್ ಸಿಕ್ಕಿತು. ಅದನ್ನು ಹಾಕಿದಾಗ ಲ್ಯಾಪ್‌ಟಾಪ್ ಸಾಧನವನ್ನು ಗುರುತಿಸಿತು. ಆದರೂ ಸಾಫ್ಟ್‌ವೇರ್ ಹಳೆಯ ರಾಗವನ್ನೇ ಹಾಡಿತು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ನನ್ನ ಬೆರಳುಗಳು ಬೇಡದ ಗುಂಡಿಗಳನ್ನು ಒತ್ತುತ್ತಿದ್ದವು.

"ಪೋರ್ಟ್ ನಂಬರ್ ನೋಡು" ಎಂದ ಗೆಳೆಯ. "ಲ್ಯಾಪ್‌ಟಾಪ್ ಅದಕ್ಕೆ ಒಂದು ನಂಬರ್ ಕೊಟ್ಟಿರ್ತದೆ, ಸಾಫ್ಟ್‌ವೇರ್ ಇನ್ನೊಂದು ನಂಬರ್ ಬಾಗಿಲು ತಟ್ತಾ ಇರ್ತದೆ."

ಹಾಗೇ ಆಗಿತ್ತು. ಒಂದು ಕಡೆ ಏಳು ಎಂದಿತ್ತು, ಇನ್ನೊಂದು ಕಡೆ ಮೂರು. ಮೂರನ್ನು ಏಳು ಮಾಡಿ ಒತ್ತಿದೆ. ಗುರುತುಗಳು ಒಂದೊಂದಾಗಿ ಇಳಿದವು. ನಾವು ನಿಂತ ಜಾಗ ನೀಲಿ ಚುಕ್ಕೆಯಾಗಿ ಮೂಡಿತು. 'ಮಾವನ ಬಾವಿ' ಎಂಬ ಕೆಂಪು ಗುರುತು ಅದರ ಪೂರ್ವಕ್ಕಿತ್ತು.

ಲ್ಯಾಪ್‌ಟಾಪನ್ನು ಎಡಗೈ ಮೇಲೆ ಹೊತ್ತು ನಡೆದೆ. ಅತ್ತೆ ರಿಸೀವರ್ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗಿನ ನೆರಳು ಮಾಡುತ್ತಾ ಜೊತೆಗೇ ಬಂದರು. ನೀಲಿ ಚುಕ್ಕೆ ಕೆಂಪನ್ನು ಮುಟ್ಟಿದಾಗ ತಲೆಯೆತ್ತಿ ನೋಡಿದೆ. ನಾವು ನಿಂತಿದ್ದುದು ಮಟ್ಟವಾಗಿದ್ದ ಪಟ್ಟಿಯ ಮೇಲೆ. ಕಾಲಡಿಯಲ್ಲಿ ಜೆಸಿಬಿ ಚಕ್ರದ ಅಚ್ಚಿತ್ತು.

"ಅತ್ತೆ, ಹಿಂದಕ್ಕೆ ಬನ್ನಿ. ಮೆಲ್ಲಗೆ."

ರಿಸೀವರಿನ ಲೆಕ್ಕ ನಾಲ್ಕೈದು ಹೆಜ್ಜೆ ಅತ್ತಿತ್ತ ಆಗುತ್ತದೆ. ಆದ್ದರಿಂದ ದೂರದಿಂದಲೇ ಶುರುಮಾಡಿ, ಹಾರೆಯಿಂದ ಚುಚ್ಚುತ್ತಾ ಒಳಗೆ ಬಂದೆ. ಮಣ್ಣು, ಮಣ್ಣು, ಮತ್ತೆ ಮಣ್ಣು. ಆಮೇಲೆ ಠಣ್ ಎಂದಿತು. ಕೈಯಿಂದ ಮಣ್ಣು ಬಳಿದೆ. ಚಪ್ಪಡಿ ನಡುವೆ ಹೊಸದಾಗಿ ಬಿರಿದಿತ್ತು. ಬಿರುಕಿನೊಳಗೆ ಒಂದು ಹೆಂಟೆ ಬಿಟ್ಟೆ. ಸದ್ದು ಬರಲು ತಡವಾಯಿತು.

ಡ್ರೈವರ್ ಎಂಜಿನ್ ಆರಿಸಿ ಇಳಿದು ಬಂದ. ಬಿರುಕನ್ನು ನೋಡಿದ, ಚಕ್ರದ ಅಚ್ಚನ್ನು ನೋಡಿದ.

"ಎರಡು ಸಲ ಇದ್ರ ಮೇಲೆ ಹೋಗಿದ್ದೀನಿ ಸಾರ್" ಎಂದ. ಸ್ವಲ್ಪ ದೂರ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಅತ್ತೆ ನೀರಿನ ಚೊಂಬು ಕೊಟ್ಟರು. ಕುಡಿದು, ಇನ್ನೊಂದು ಕಡೆಯವರಿಗೆ ಫೋನು ಮಾಡಿ ಇವತ್ತು ಆಗಲ್ಲ ಅಂದ. ಆಮೇಲೆ ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ, ಉದ್ದ ಕೈ ಚಾಚಿ ಚಪ್ಪಡಿಗಳನ್ನು ಎತ್ತಿದ. ಸಂಜೆಯವರೆಗೂ ಬಾವಿಗೆ ಮಣ್ಣು ತುಂಬಿದ.

ನನಗೆ ಸುಮ್ಮನೆ ಕೂರಲಾಗಲಿಲ್ಲ. ಬದುವಿನ ಮೇಲೆ ನಾಲ್ಕು ಸಲ ತಿರುಗಾಡಿ, ಕೊನೆಗೆ ಲ್ಯಾಪ್‌ಟಾಪ್ ತೆರೆದು ಇಳಿದಿದ್ದ ಉಳಿದ ಗುರುತುಗಳನ್ನು ನೋಡಿದೆ. ಬಹಳಷ್ಟಕ್ಕೆ ಹೆಸರೇ ಕೊಟ್ಟಿರಲಿಲ್ಲ, ಬರೀ ಅಂಕಿಗಳಿದ್ದವು. ಯಾರ ಹೊಲದಲ್ಲಿ, ಯಾವುದರ ಮೇಲೆ ನಿಂತು ಗುಂಡಿ ಒತ್ತಿದ್ದೆನೋ ನೆನಪಾಗಲಿಲ್ಲ. ಮರುದಿನದಿಂದ ಬಿಡುವಾದಾಗಲೆಲ್ಲ ಒಂದೊಂದನ್ನೇ ಹುಡುಕಿಕೊಂಡು ಹೋಗುತ್ತಿದ್ದೇನೆ. ಒಂದು ಬರೀ ಗಡಿಯ ಕಲ್ಲಾಗಿತ್ತು, ಇನ್ನೊಂದು ಹುತ್ತ. ಸಮೇತನಹಳ್ಳಿಯ ಕಡೆಯ ಎರಡನ್ನು ಇನ್ನೂ ನೋಡಬೇಕು.