ಅಮ್ಮನ ಅಳತೆ

೧೯೮೪ರ ಏಪ್ರಿಲ್, ಒಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಕೋಲಾರದಲ್ಲಿ ನಾನು ಉಡುಪು ವಿನ್ಯಾಸ ಕಲಿಯುತ್ತಿದ್ದ ಪುಟ್ಟ ಕಾಲೇಜಿನ ಹೊಲಿಗೆ ಕೋಣೆ. ಇದ್ದವರು ನಮ್ಮ ಮೇಡಂ, ನಾವು ಒಂಬತ್ತು ಹುಡುಗಿಯರು, ಶ್ರೀನಿವಾಸಪುರದ ಕಡೆಯ ನಮ್ಮೂರಿಂದ ಮೊದಲ ಬಸ್ಸಿಗೆ ಬಂದಿದ್ದ ನನ್ನ ಅಮ್ಮ. ಮರುದಿನ ಹೊರಗಿನ ಪರೀಕ್ಷಕರು ಬಂದು ನಾವು ಹೊಲಿದದ್ದನ್ನು ನೋಡುವವರಿದ್ದರು. ಅಂದು ಅದನ್ನು ತೊಡಿಸಿ ನೋಡುವ ದಿನ.

ಕಾಲೇಜಿನಲ್ಲಿ ಉಡುಪು ತೊಡಿಸಿ ನೋಡುವ ಆಳೆತ್ತರದ ಗೊಂಬೆಗಳಿರಲಿಲ್ಲ. ಪ್ರತಿ ಹುಡುಗಿಯೂ ವರ್ಷವಿಡೀ ಮನೆಯ ಒಬ್ಬರಿಗೇ ಹೊಲಿಯಬೇಕು, ತಿಂಗಳಿಗೊಮ್ಮೆ ಅವರನ್ನು ಅಳೆದು ರೆಕಾರ್ಡಿನಲ್ಲಿ ಬರೆಯಬೇಕು. ನನ್ನ ರೆಕಾರ್ಡು ತರಗತಿಯಲ್ಲೇ ಅಚ್ಚುಕಟ್ಟು. ಆದರೆ ದಸರಾ ಆದಮೇಲೆ ನಾನು ಟೇಪು ಹಿಡಿದಿರಲಿಲ್ಲ. ಹಾಸ್ಟೆಲಿನಿಂದ ಊರಿಗೆ ಹೋದಾಗಲೆಲ್ಲ ಅಮ್ಮ ಮೈತುಂಬ ಸೆರಗು ಹೊದ್ದು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿರುತ್ತಿದ್ದಳು. ನಲವತ್ತು ದಾಟಿದ ಹೆಂಗಸಿನ ಅಳತೆ ಏನು ಬದಲಾದೀತು ಎಂದು ಹಿಂದಿನ ತಿಂಗಳ ಅಂಕಿಗಳನ್ನೇ ದುಂಡಗೆ ನಕಲು ಮಾಡುತ್ತಿದ್ದೆ.

ಪರದೆಯ ಹಿಂದಿನಿಂದ ಅಮ್ಮ ಹೊರಬಂದಾಗ ನಾನು ಹೊಲಿದ ರವಿಕೆ ಮೈಮೇಲೆ ಜೋಲುತ್ತಿತ್ತು.

"ಲೇ, ಇದರೊಳಗೆ ನಿಮ್ಮಮ್ಮನ ಜೊತೆ ನೀನೂ ಹಿಡೀತೀಯ ಕಣೇ," ಎಂದಳು ಪಕ್ಕದ ಮೆಷಿನ್ನಿನ ಮಾಲೂರಿನ ಹುಡುಗಿ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

ಮೇಡಂ ನಗಲಿಲ್ಲ. "ಅಳೆದದ್ದು ಯಾವಾಗ?"

"ಹೋದ ತಿಂಗಳು, ಮೇಡಂ."

"ಈಗ ಅಳೆ. ನನ್ನೆದುರಿಗೆ."

ರೆಕಾರ್ಡಿನಲ್ಲಿ ಎದೆಯ ಸುತ್ತಳತೆ ಮೂವತ್ತಾರು. ಟೇಪು ಮೂವತ್ತೊಂದಕ್ಕೆ ನಿಂತಿತು. ಮೇಡಂ ಟೇಪು ಕಿತ್ತುಕೊಂಡು ತಾವೇ ಅಳೆದರು. ಮೂವತ್ತೊಂದು. ಟೇಪನ್ನು ಸುತ್ತುತ್ತಾ ಅಮ್ಮನನ್ನು ಕೇಳಿದರು, "ಊಟ ಸೇರುತ್ತಾ?"

"ಸಂಕ್ರಾಂತಿಯಿಂದ ಸೇರ್ತಿಲ್ಲಮ್ಮ. ಇವಳ ಪರೀಕ್ಷೆ ಮುಗೀಲಿ, ಆಮೇಲೆ ತೋರಿಸ್ಕೋತೀನಿ."

ರೆಕಾರ್ಡಿನ ಸುಳ್ಳಿನ ಬಗ್ಗೆ ಮೇಡಂ ಒಂದು ಮಾತೂ ಆಡಲಿಲ್ಲ. "ನಾಳೆ ಮುಗಿದ ತಕ್ಷಣ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು," ಎಂದಷ್ಟೇ ನನಗೆ ಹೇಳಿದರು.

ಕರೆದುಕೊಂಡು ಹೋದೆ. ಆ ವರ್ಷದ ದೀಪಾವಳಿಗೆ ಅಮ್ಮ ಇರಲಿಲ್ಲ. ಸಂಕ್ರಾಂತಿಯಲ್ಲೇ ಟೇಪು ಹಿಡಿದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಬುಧವಾರದ ಕೆಲಸ ಮಾತ್ರ ಬುಧವಾರವೇ ಮುಗಿಯಬೇಕಿತ್ತು. ಪಕ್ಕದ ಹೊಲಿಗೆ ಬಿಚ್ಚಿ, ಹೊಸ ಗುರುತು ಹಾಕಿ, ಒಳಗೆ ಹಿಡಿದು ಹೊಲಿದೆ. ಅಮ್ಮ ಸ್ಟೂಲಿನ ಮೇಲೆ ಕೂತು ಬಿಚ್ಚಿದ ದಾರದ ತುಂಡುಗಳನ್ನು ಒಂದೊಂದಾಗಿ ಆಯುತ್ತಿದ್ದಳು. ಒಳಗುಳಿದ ಬಟ್ಟೆಗೆ ನಾನು ಕತ್ತರಿ ತೆಗೆದುಕೊಂಡಾಗ ಕೈ ಅಡ್ಡ ಇಟ್ಟಳು.

"ಕತ್ತರಿಸಬೇಡ್ವೇ. ಮತ್ತೆ ಮೈ ಬಂದಾಗ ಬಿಚ್ಕೊಂಡು ಹಾಕ್ಕೋತೀನಿ."

"ಅರ್ಧ ಇಂಚಿಗಿಂತ ಜಾಸ್ತಿ ಬಿಟ್ರೆ ಮಾರ್ಕ್ಸ್ ಕಡೀತಾರಮ್ಮ. ಒಳಗೆಲ್ಲ ತಿರುಗಿಸಿ ನೋಡ್ತಾರೆ."

ಅಡ್ಡ ಇಟ್ಟ ಕೈ ತೆಗೆದಳು. "ಸರಿ, ಹಂಗಾದ್ರೆ ಕತ್ತರಿಸು," ಎಂದು, ಬಟ್ಟೆ ಅಲುಗದಂತೆ ತಾನೇ ಎರಡೂ ತುದಿ ಎಳೆದು ಹಿಡಿದಳು.

ಎರಡೂ ಪಕ್ಕ ಕತ್ತರಿಸಿದೆ. ಅಂಚು ಹೆಣೆದು, ಇಸ್ತ್ರಿ ಹಾಕಿ, ನನ್ನ ನಂಬರಿನ ಚೀಟಿ ಸಿಕ್ಕಿಸಿ, ನಾಲ್ಕು ಗಂಟೆಗೆ ರವಿಕೆಯನ್ನು ಮೇಡಂ ಕೈಗೆ ಒಪ್ಪಿಸಿದೆ.